ಒಬ್ರಿಗೆ ಹೇಳಿದ್ದು ಇಡೀ ಡಿಪಾರ್ಟ್‌ಮೆಂಟಿಗೆ ಗೊತ್ತಾದಾಗ

ಹುಡುಗಿ ಇಂಜಿನಿಯರಿಂಗ್ ಎರಡನೇ ವರ್ಷ, ಹಾಸ್ಟೆಲಲ್ಲಿದ್ಲು. (ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ, ಬರೆಯೋಕೆ ಅವಳ ಒಪ್ಪಿಗೆನೂ ಇದೆ.) ಎರಡು ಸಬ್ಜೆಕ್ಟ್ ಫೇಲಾಗಿ ಬ್ಯಾಕ್ ಆಗಿತ್ತು, ರಾತ್ರಿ ನಿದ್ದೆ ಇಲ್ಲ, ಮೆಸ್ಸಿಗೆ ಹೋಗೋದೇ ಬಿಟ್ಟಿದ್ಲು, ಕೊನೆಗೆ ಧೈರ್ಯ ಮಾಡಿ ಕಾಲೇಜ್ ಕೌನ್ಸೆಲರ್ ಹತ್ರ ಹೋಗಿ "ಬದುಕೋದೇ ಬೇಡ ಅನ್ಸುತ್ತೆ" ಅಂತ ಹೇಳ್ಕೊಂಡ್ಲು. ಆ ಮಾತು ಮೆಂಟರ್‌ಗೆ (ಅವಳನ್ನ ನೋಡ್ಕೊಳ್ಳೋಕೆ ಕಾಲೇಜು ಗೊತ್ತುಮಾಡಿದ ಲೆಕ್ಚರರ್) ಹೋಯ್ತು, ಮೆಂಟರ್ ಅವಳ ಹೆಸರು, ಯುಎಸ್‌ಎನ್ (ಯೂನಿವರ್ಸಿಟಿ ರಿಜಿಸ್ಟರ್ ನಂಬರ್) ಸಮೇತ ಡಿಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ "ಈ ಸ್ಟೂಡೆಂಟ್ ಮೇಲೆ ಎಲ್ರೂ ಕಣ್ಣಿಡಿ, ಸೂಸೈಡ್ ರಿಸ್ಕ್" ಅಂತ ಹಾಕಿದ್ರು. ಸಂಜೆಯೊಳಗೆ ಸ್ಕ್ರೀನ್‌ಶಾಟ್ ಹಾಸ್ಟೆಲ್ ಸೇರಿತ್ತು. ಆಮೇಲೆ ಅವಳು ಯಾರ ಹತ್ರಾನೂ ಏನೂ ಹೇಳ್ಲಿಲ್ಲ, ಯಾರಾದ್ರೂ ಕೇಳಿದ್ರೆ "ಚೆನ್ನಾಗಿದೀನಿ" ಅಂತಿದ್ಲು. ಅಪಾಯ ಹೆಚ್ಚಾಗಿದ್ದು ಇಲ್ಲೇ. ಮೆಂಟರ್ ಉದ್ದೇಶ ಕೆಟ್ಟದ್ದಲ್ಲ, ಆದ್ರೆ ಅವಳನ್ನ ಕಾಯೋಕೆ ಅಂತ ಮಾಡಿದ್ದೇ ಅವಳು ಬಾಯಿ ಬಿಡೋ ಒಂದೇ ದಾರಿನ ಮುಚ್ಚಿಬಿಡ್ತು.

ಅವಳ ಅಕ್ಕ, ಕಾಲೇಜಿನ ಹೊರಗೆ ಕೌನ್ಸೆಲಿಂಗ್ ಮಾಡೋ ನನ್ನ ಹತ್ರ ಕರ್ಕೊಂಡು ಬಂದ್ರು. ಕೂತ ತಕ್ಷಣ ಅವಳು ಕೇಳಿದ್ದು, "ಮೇಡಂ, ಇಲ್ಲಿ ಹೇಳಿದ್ದು ಎಲ್ಲೆಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲಮ್ಮ" ಅಂತ ಹೇಳಿದ್ರೆ ಸುಳ್ಳಾಗ್ತಿತ್ತು. ನಿನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದೆ ಅನ್ಸಿದ್ರೆ ಮಾತ್ರ ಹೊರಗೆ ಹೇಳ್ತೀನಿ, ಆದಷ್ಟೂ ನಿಂಗೆ ಮೊದ್ಲು ತಿಳಿಸೇ ಹೇಳ್ತೀನಿ, ಅದೂ ಯಾರಿಗೆ ಎಷ್ಟು ಬೇಕೋ ಅಷ್ಟೇ ಅಂದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಹೇಳೋದೂ ಹೆಚ್ಚುಕಡಿಮೆ ಇದನ್ನೇ, ಗುಟ್ಟು ಕಾಪಾಡೋದು ಹಕ್ಕು, ಪ್ರಾಣಾಪಾಯ ತಪ್ಪಿಸೋಕೆ ವಿನಾಯಿತಿ ಇದೆ.

ಆಮೇಲೆ ನೇರವಾಗಿ ಕೇಳಿದೆ, ಆತ್ಮಹತ್ಯೆ ಯೋಚನೆ ಈಗ್ಲೂ ಇದ್ಯಾ, ಹೇಗೆ ಅಂತೆಲ್ಲ ಯೋಚಿಸಿದೀಯಾ, ತಯಾರಿ ಏನಾದ್ರೂ ಮಾಡ್ಕೊಂಡಿದೀಯಾ. ಹೀಗೆ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದಂಗೆ ಅಂತ ಸುಮಾರು ಜನ ಹೆದರ್ತಾರೆ, ಹಾಗಾಗಲ್ಲ, ಕೇಳಿದ್ರೇನೇ ಅವರಿಗೆ ಹಗುರ. ಯೋಚನೆ ಬರುತ್ತೆ, ರಾತ್ರಿ ಜಾಸ್ತಿ, ತಯಾರಿ ಇಲ್ಲ ಅಂದ್ಲು. ಆ ಯೋಚನೆ ಶುರುವಾಗೋದು ಹೇಗೆ ಗೊತ್ತಾಗುತ್ತೆ, ಆಗ ಒಬ್ಳೇ ಇರದೆ ಎಲ್ಲಿಗೆ ಹೋಗ್ಬೇಕು, ಯಾರಿಗೆ ಫೋನ್ ಮಾಡ್ಬೇಕು ಅಂತ ಅವಳ ಕೈಲೇ ಬರೆಸಿದೆ. ಮೊದ್ಲು ರೂಮ್‌ಮೇಟ್, ಆಮೇಲೆ ಅಕ್ಕ, ಯಾರೂ ಸಿಗದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, 24 ಗಂಟೆನೂ ಇರುತ್ತೆ, ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡು ಕೊಡ್ಬೇಕಿಲ್ಲ. ಸೈಕಿಯಾಟ್ರಿಸ್ಟ್ ಹತ್ರಾನೂ ಕಳಿಸ್ದೆ, ಡಿಪ್ರೆಶನ್‌ಗೆ ಚಿಕಿತ್ಸೆ ಶುರುವಾಯ್ತು.

ಅಪ್ಪನಿಗೆ ಹೇಳೋದೇ ಕಷ್ಟವಾಗಿತ್ತು, ಓದು ಬಿಡಿಸಿ ಮದ್ವೆ ಮಾಡ್ತಾರೆ ಅನ್ನೋ ಭಯ. ಏನು ಹೇಳ್ಬೇಕು, ಏನು ಸದ್ಯಕ್ಕೆ ಬೇಡ ಅಂತ ಅವಳೇ ತೀರ್ಮಾನ ಮಾಡಿದ್ಲು, ಫೋನ್ ಮಾಡೋವಾಗ ನಾನು ಪಕ್ಕದಲ್ಲಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಬ್ಯಾಕ್ ಸಬ್ಜೆಕ್ಟ್ ಆಮೇಲೆ ನೋಡೋಣ, ಊಟ ಮಾಡ್ತಿದೀಯಾ ಮಗಳೇ?" ಅಂದ್ರು.

ಕಾಲೇಜಿಗೆ ಅವಳ ಒಪ್ಪಿಗೆ ತಗೊಂಡು ಪತ್ರ ಕೊಟ್ಟೆ, ಚಿಕಿತ್ಸೆ ನಡೀತಿದೆ, ಇಂಥ ದಿನ ರಜೆ ಬೇಕು, ಅಷ್ಟೇ, ಕಾಯಿಲೆ ಹೆಸ್ರು ಹಾಕ್ಲಿಲ್ಲ. ಪ್ರಿನ್ಸಿಪಾಲರಿಗೆ ಹೇಳಿದ್ದು: ಗ್ರೂಪಿನ ಮೆಸೇಜ್ ತೆಗೆಸಿ, ಕೌನ್ಸೆಲರ್ ನೋಟ್ಸ್ ಮೆಂಟರ್ ಫೈಲಿಗೆ ಹೋಗ್ಬಾರ್ದು, ರಿಸ್ಕ್ ಇದ್ರೆ ಮೊದ್ಲೇ ಗೊತ್ತುಮಾಡಿದ ಒಬ್ಬರಿಗೆ ಮಾತ್ರ ಫೋನಲ್ಲಿ ತಿಳಿಸ್ಲಿ, ವಾರ್ಡನ್‌ಗೆ "ಇವತ್ತು ರಾತ್ರಿ ಒಬ್ಳೇ ಬಿಡ್ಬೇಡಿ, ಏನಾದ್ರೂ ಆದ್ರೆ ಈ ನಂಬರ್" ಅಂದ್ರೆ ಸಾಕು, ಕಾರಣ ಬೇಕಿಲ್ಲ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರೋ ಕಡೆ ಅರ್ಹ ಕೌನ್ಸೆಲರ್, ಸೈಕಾಲಜಿಸ್ಟ್ ಅಥವಾ ಸೋಶಿಯಲ್ ವರ್ಕರ್ ಒಬ್ರಾದ್ರೂ ಇರ್ಲೇಬೇಕು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದ್ರೆ ಹೇಳಿದ್ದು ಹೊರಗೆ ಹೋಗುತ್ತೆ ಅಂತ ಒಮ್ಮೆ ಗೊತ್ತಾದ್ರೆ ಆ ರೂಮಿಗೆ ಯಾವ ಹುಡುಗ್ರು ಬರ್ತಾರೆ?

ಮೆಸೇಜ್ ತೆಗೆದ್ರು. ಫೈಲಿನ ವಿಷ್ಯ ಇನ್ನೂ ಆಗಿಲ್ಲ, ನಾನು ಬಿಟ್ಟಿಲ್ಲ. ಹುಡುಗಿ ಹದಿನೈದು ದಿನಕ್ಕೊಮ್ಮೆ ಬರ್ತಾಳೆ, ಒಂದು ಬ್ಯಾಕ್ ಕ್ಲಿಯರ್ ಆಯ್ತು, ಇನ್ನೊಂದಕ್ಕೆ ಓದ್ತಿದಾಳೆ.