ಪ್ರತಿಕ್ರಿಯೆ: ಜಿಂಗಲ್ ಬೆಲ್ಸ್ ಪ್ರಶ್ನೆ ಹೀಗೆ ಕೇಳಿ

ನಿಮ್ಮ ಕ್ವಿಝ್‌ಗೆ ‘ಜಿಂಗಲ್ ಬೆಲ್ಸ್ ಕ್ರಿಸ್‌ಮಸ್‌ಗೇ ಅಂತ ಬರೆದ ಹಾಡಾ’ ಅನ್ನೋ ಪ್ರಶ್ನೆ ಹಾಕ್ಬಹುದಾ ಅಂತ ಕೇಳಿದ್ರಲ್ಲ, ನಾನಾದ್ರೆ ಸ್ವಲ್ಪ ತಿರುಗಿಸಿ ‘ಆ ಹಾಡಲ್ಲಿ ಕ್ರಿಸ್‌ಮಸ್ ಅನ್ನೋ ಪದ ಎಷ್ಟು ಸಲ ಬರುತ್ತೆ’ ಅಂತ ಕೇಳ್ತೀನಿ, ಉತ್ತರ ಸೊನ್ನೆ, ಯಾರೂ ವಾದ ಮಾಡೋಕಾಗಲ್ಲ. ಅಮೆರಿಕದ ಜೇಮ್ಸ್ ಲಾರ್ಡ್ ಪಿಯರ್‌ಪಾಂಟ್ ಬರೆದಿದ್ದು, 1857ರಲ್ಲಿ ಅಚ್ಚಾದಾಗ ಹೆಸರೇ ಬೇರೆ, ‘ಒನ್ ಹಾರ್ಸ್ ಓಪನ್ ಸ್ಲೇ’. ಪೂರ್ತಿ ಓದಿ ನೋಡಿ, ಯೇಸುನೂ ಇಲ್ಲ ಸಾಂಟಾನೂ ಇಲ್ಲ, ಒಂಟಿ ಕುದುರೆ ಕಟ್ಟಿದ ಜಾರುಬಂಡಿಲಿ ಹುಡುಗಿನ ಕೂರಿಸ್ಕೊಂಡು ಹೋಗಿ ಹಿಮದ ರಾಶಿಗೆ ನುಗ್ಗಿ ಮಗುಚ್ಕೊಳ್ಳೋ ಕಥೆ ಅಷ್ಟೇ.

ಇದೇ ಹಾಡಿಂದ ಇನ್ನೂ ಚೆನ್ನಾಗಿರೋ ಪ್ರಶ್ನೆ ಇದೆ, ನನಗಂತೂ ತುಂಬಾ ಇಷ್ಟ. 1965ರ ಡಿಸೆಂಬರ್ 16ರಂದು ಅಮೆರಿಕದ ಜೆಮಿನಿ 6 ಬಾಹ್ಯಾಕಾಶ ನೌಕೆಯಲ್ಲಿದ್ದ ಗಗನಯಾತ್ರಿಗಳಾದ ವಾಲಿ ಶಿರಾ, ಟಾಮ್ ಸ್ಟಾಫರ್ಡ್ ಇಬ್ರೂ, ಸಾಂಟಾನೇ ಬರ್ತಿದ್ದಾನೆ ಅನ್ನೋ ಹಾಗೆ ತಮಾಷೆಗೆ, ಉತ್ತರದಿಂದ ದಕ್ಷಿಣಕ್ಕೆ ಏನೋ ಹೋಗ್ತಿದೆ ಅಂತ ಭೂಮಿಲಿದ್ದ ನಿಯಂತ್ರಣ ಕೇಂದ್ರಕ್ಕೆ ಹೇಳಿ, ಗುಟ್ಟಾಗಿ ತಗೊಂಡು ಹೋಗಿದ್ದ ಪುಟ್ಟ ಹಾರ್ಮೋನಿಕಾ, ಗೆಜ್ಜೆ ತೆಗೆದು ಇದನ್ನೇ ನುಡಿಸಿದ್ರು! ಬಾಹ್ಯಾಕಾಶದಲ್ಲಿ ಮೊದಲು ವಾದ್ಯ ನುಡಿಸಿದ್ದು ಅದೇ. ಆದ್ರೆ ಪ್ರಶ್ನೇಲಿ ‘ಮೊದಲು ಹಾಡಿದ್ದು’ ಅಂತ ಬರೀಬೇಡಿ, ‘ನುಡಿಸಿದ್ದು’ ಅಂತಲೇ ಬರೀರಿ, ಯಾಕಂದ್ರೆ 1962ರಲ್ಲೇ ಸೋವಿಯತ್ ಗಗನಯಾತ್ರಿ ಪಾವೆಲ್ ಪೊಪೊವಿಚ್ ಮೇಲಿಂದ ಹಾಡಿದ್ರು.