ರಾಜಕುಮಾರಿಗೆ ಪರನಾಡಿನ ದೇವತೆಯ ಹೆಸರೇಕೆ?

ಪತ್ರ: ಈಜಿಪ್ಟಿನ ಫೇರೋ (ಅರಸ) ಎರಡನೆಯ ರಾಮ್ಸೆಸ್ ಕುರಿತ ನಿಮ್ಮ ಲೇಖನದಲ್ಲಿ ಅವನ ಹಿರಿಯ ಮಗಳ ಹೆಸರು ಬಿಂತ್‌ಅನಾತ್, ಅಂದರೆ ‘ಅನಾತಳ ಮಗಳು’ ಎಂದಿದೆ. ಅನಾತ್ ಕಾನಾನ್ (ಇಂದಿನ ಇಸ್ರೇಲ್, ಲೆಬನಾನ್ ಸುತ್ತಿನ ಸೀಮೆ) ಕಡೆಯ ಯುದ್ಧದೇವತೆಯಲ್ಲವೇ? ಆ ಸೀಮೆಯ ಮೇಲೆ ದಂಡೆತ್ತಿ ಹೋದ ಫೇರೋ ಮಗಳಿಗೆ ಶತ್ರುಗಳ ದೇವತೆಯ ಹೆಸರಿಟ್ಟನೇ? ಈಜಿಪ್ಟಿಗೆ ಸ್ವಂತ ಯುದ್ಧದೇವತೆ ಇರಲಿಲ್ಲವೇ?
– ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ: ಧಾರಾಳವಾಗಿ ಇದ್ದರು. ಸಿಂಹಮುಖದ ಸೆಖ್ಮೆತ್ ಇದ್ದಳು; ಬಿಲ್ಲು ಬಾಣಗಳೇ ಲಾಂಛನವಾಗಿದ್ದ, ಸಾಯಿಸ್ ನಗರದ ನೇಯ್ತ್ ಇದ್ದಳು. ಕೊರತೆ ತುಂಬಲೆಂದು ಅನಾತಳನ್ನು ಯಾರೂ ಕರೆತರಲಿಲ್ಲ. ಅವಳು ವಲಸೆ ಬಂದ ಜನರ ಜೊತೆಗೇ ಬಂದಳು.

ಕ್ರಿ.ಪೂ. 17ನೆಯ ಶತಮಾನದ ಹೊತ್ತಿಗೆ ನೈಲ್ ಮುಖಜಭೂಮಿಯನ್ನು ಪಶ್ಚಿಮ ಏಷ್ಯಾ ಮೂಲದ ಹಿಕ್ಸೋಸ್ ಅರಸರು ಆಳುತ್ತಿದ್ದರು. ಕುದುರೆ ಹೂಡಿದ ಯುದ್ಧರಥ ಈಜಿಪ್ಟಿಗೆ ಬಂದದ್ದೂ ಹೆಚ್ಚುಕಡಿಮೆ ಆಗಲೇ, ಅದೇ ದಿಕ್ಕಿನಿಂದ. ಈಜಿಪ್ಟಿನದೇ ಆದ ಥೀಬ್ಸ್ ನಗರದ ಅರಸರು ಹಿಕ್ಸೋಸರನ್ನು ಓಡಿಸಿದರು. ರಥವನ್ನು ಉಳಿಸಿಕೊಂಡರು, ರಥದ ದೈವಗಳನ್ನೂ ಉಳಿಸಿಕೊಂಡರು. ಗೀಜಾದ ಸ್ಫಿಂಕ್ಸ್ ಬಳಿ ಎರಡನೆಯ ಅಮೆನ್‌ಹೋತೆಪ್ ನಿಲ್ಲಿಸಿದ ಶಾಸನವನ್ನು ನೋಡಿ: ಯುವರಾಜನಾಗಿ ಅವನು ಕುದುರೆಗಳನ್ನು ಸಾಕಿ ಪಳಗಿಸಿದ ರೀತಿಗೆ ರೆಶೆಪ್ ದೇವ ಮತ್ತು ಅಸ್ತಾರ್ತೆ ದೇವಿ ಹಿಗ್ಗಿದರಂತೆ. ಇಬ್ಬರೂ ಸಿರಿಯಾ ಕಡೆಯವರು!

ಅನಾತಳ ಮೂಲ ಸ್ವಭಾವ ನಮಗೆ ತಿಳಿದದ್ದು ಸಿರಿಯಾದ ಉಗಾರಿತ್‌ನ ಮಣ್ಣಿನ ಫಲಕಗಳಿಂದ. ಅಲ್ಲಿ ಉತ್ಖನನ ಶುರುವಾದದ್ದು 1929ರಲ್ಲಿ. ಆ ಫಲಕಗಳಲ್ಲಿರುವ ಕಾವ್ಯದಲ್ಲಿ ಅವಳು ಕಡಿದ ರುಂಡಗಳನ್ನು ಬೆನ್ನಿಗೆ, ಕೈಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಮೊಣಕಾಲುದ್ದ ರಕ್ತದಲ್ಲಿ ನಡೆಯುತ್ತಾಳೆ, ನಗುತ್ತಾಳೆ. ಅಷ್ಟಕ್ಕೇ ತೃಪ್ತಿಯಾಗದೆ ಮನೆಗೆ ಬಂದು ಕುರ್ಚಿ ಮೇಜುಗಳನ್ನೇ ಸೈನಿಕರೆಂದುಕೊಂಡು ಮತ್ತೆ ಕಾಳಗಕ್ಕೆ ಇಳಿಯುತ್ತಾಳೆ. ಇಂಥವಳು ತನ್ನ ಪಕ್ಕದಲ್ಲಿರಲಿ ಎಂದು ಯಾವ ದಂಡನಾಯಕನಿಗೆ ಅನ್ನಿಸದು?

ಇನ್ನು ರಾಮ್ಸೆಸ್. ‘ಶತ್ರುಗಳ ದೇವತೆ’ ಎಂಬ ನಿಮ್ಮ ಮಾತನ್ನು ಅವನು ಒಪ್ಪುತ್ತಿರಲಿಲ್ಲ ಎಂದೇ ನನ್ನ ಎಣಿಕೆ. ಅವನ ಮನೆತನದ ಬೇರು ಪೂರ್ವ ಮುಖಜಭೂಮಿಯಲ್ಲಿತ್ತು. ಅವನು ಕಟ್ಟಿಸಿದ ಪಿ-ರಾಮ್ಸೆಸ್ ರಾಜಧಾನಿಗೆ ಹಿಕ್ಸೋಸರ ಹಳೆಯ ರಾಜಧಾನಿ ಅವಾರಿಸ್ ಒತ್ತಾಗಿಯೇ ಇತ್ತು. ಅಲ್ಲಿ ಈಜಿಪ್ಟಿನ ಸೇಥ್ ದೇವರು ಮತ್ತು ಕಾನಾನಿನ ಬಿರುಗಾಳಿಯ ದೇವರು ಬಾಲ್ ಒಂದೇ ದೈವವಾಗಿಬಿಟ್ಟಿದ್ದರು. ರಾಮ್ಸೆಸನ ತಂದೆಯ ಹೆಸರು ಸೇಥಿ, ಅಂದರೆ ‘ಸೇಥನವನು’. ಬಾಲನ ತಂಗಿ ಅನಾತ್. ಅಂದಮೇಲೆ ಅವಳು ಊರಿನ ದೇವತೆಯೇ ಆದಳು. ಮುಖಜಭೂಮಿಯ ತಾನಿಸ್ ನಗರದಲ್ಲಿ ಸಿಕ್ಕ ಜೋಡಿವಿಗ್ರಹದಲ್ಲಿ ರಾಮ್ಸೆಸ್ ಮತ್ತು ಅನಾತ್ ಅಕ್ಕಪಕ್ಕ ಕುಳಿತಿದ್ದಾರೆ.

ಹೆಸರು ಮಗಳಿಗಷ್ಟೇ ಸಿಗಲಿಲ್ಲ. ರಾಮ್ಸೆಸ್ ಕಟ್ಟಿಸಿದ ಬೈತ್ ಅಲ್-ವಾಲಿ ಗುಡಿಯ ಉಬ್ಬುಚಿತ್ರದಲ್ಲಿ ಶತ್ರುವಿನ ಮೇಲೆ ಎರಗುತ್ತಿರುವ ಫೇರೋನ ನಾಯಿಯ ಹೆಸರಿನಲ್ಲೂ ಅನಾತ್ ಇದ್ದಾಳೆ. ದೇವರ ಹೆಸರನ್ನು ನಾಯಿಗಿಟ್ಟರೆ ನಮ್ಮಲ್ಲಿ ಜಗಳವಾದೀತು. ಅವನಿಗೆ ಅದು ರಣರಂಗದ ರಕ್ಷೆ. ಬಿಂತ್‌ಅನಾತ್ ಮುಂದೆ ಪಟ್ಟದ ರಾಣಿಯ ಬಿರುದು ಪಡೆದಳು. ಅವಳ ಗೋರಿ ರಾಣಿಯರ ಕಣಿವೆಯಲ್ಲಿದೆ.