ಬ್ರಿಟನ್ ಸಂಗಾತಿ ವೀಸಾಗೆ ಅಪ್ಪನ ಅಡಿಕೆ ದುಡ್ಡು ತೋರಿಸಬಹುದಾ?

ಗಂಡನಿಗೆ ಬ್ರಿಟಿಷ್ ಪಾಸ್‌ಪೋರ್ಟ್ ಇದೆ, ಸಂಬಳ ವರ್ಷಕ್ಕೆ 25,000 ಪೌಂಡ್, ಕಡಿಮೆ ಬಿದ್ದದ್ದಕ್ಕೆ ಊರಿನ ಸೇವಾ ಸಹಕಾರಿ ಬ್ಯಾಂಕಿನಲ್ಲಿ ಅಪ್ಪನ ಹೆಸರಲ್ಲಿರುವ ಡಿಪಾಸಿಟ್ ತೋರಿಸಿದರೆ ಸಾಕಾ ಎಂದು ಕೇಳಿದ್ದೀರಿ. ದುಡ್ಡೇನೋ ಆಗುತ್ತದೆ. ಆದರೆ ಈಗ ಇರುವ ಜಾಗದಲ್ಲಿ, ಈಗ ಇರುವ ಹೆಸರಲ್ಲಿ ಆಗುವುದಿಲ್ಲ. ನಾನೂ ಕೇರಳದ ಕಾಸರಗೋಡಿನ ಬದಿಯಡ್ಕದ ಕಡೆಯವಳೇ, ಇದೇ ಗುಂಡಿಗೆ ಬಿದ್ದು ಎದ್ದವಳು.

ಮೊದಲು ಲೆಕ್ಕ. 2024ರ ಏಪ್ರಿಲ್ 11ರಿಂದ ಸಂಗಾತಿ ವೀಸಾಗೆ ವರ್ಷಕ್ಕೆ 29,000 ಪೌಂಡ್ ಆದಾಯ ಬೇಕು. ಮುಂಚೆ 18,600 ಇತ್ತು. ಇದು ತೆರಿಗೆ ಕಳೆಯುವ ಮೊದಲಿನ ಸಂಬಳ, ಕೈಗೆ ಬರುವುದಲ್ಲ. ನೀವು ಇಲ್ಲಿ ಭಾರತದಲ್ಲಿ ದುಡಿಯುವ ಸಂಬಳ ಇದರಲ್ಲಿ ಸೇರುವುದಿಲ್ಲ. ನಿಮ್ಮಿಬ್ಬರ ಉಳಿತಾಯ ಸೇರುತ್ತದೆ. ನಿಮಗೆ ಕಡಿಮೆ ಬೀಳುವುದು 4,000 ಪೌಂಡ್. ಹಾಗಂತ 4,000 ಉಳಿತಾಯ ತೋರಿಸಿದರೆ ಆಗಲಿಲ್ಲ. ಅದನ್ನು ಎರಡೂವರೆಯಿಂದ ಗುಣಿಸಬೇಕು, ಮೇಲೆ 16,000 ಕೂಡಿಸಬೇಕು. ಉಳಿತಾಯದ ಮೊದಲ 16,000ವನ್ನು ವೀಸಾ ಕಚೇರಿಯವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಾಗಿ ನಿಮಗೆ ಬೇಕಾದದ್ದು 26,000 ಪೌಂಡ್. ಸಂಬಳವೇ ಇಲ್ಲದಿದ್ದರೆ 88,500 ಬೇಕಿತ್ತು, ಅದಕ್ಕೆ ಹೋಲಿಸಿದರೆ ಪರವಾಗಿಲ್ಲ ಅಲ್ವಾ?

ಪೌಂಡಿಗೆ 110 ರೂಪಾಯಿ ಎಂದು ಹಿಡಿದರೆ 28 ಲಕ್ಷದ 60 ಸಾವಿರ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಅರ್ಜಿ ಹಾಕಿದ ದಿನದ ದರವನ್ನು ಅವರು ಓಆಂಡಾ ಎಂಬ ಕರೆನ್ಸಿ ದರದ ವೆಬ್‌ಸೈಟಿನಲ್ಲಿ ನೋಡುತ್ತಾರೆ. ಪೌಂಡ್ ಒಂದು ರೂಪಾಯಿ ಏರಿದರೆ ನಿಮಗೆ 26 ಸಾವಿರ ರೂಪಾಯಿ ಜಾಸ್ತಿ ಬೇಕು. ಎರಡು ಮೂರು ಲಕ್ಷ ಮೇಲೆಯೇ ಇಡಿ.

ಇನ್ನು ಸೊಸೈಟಿ, ಅಂದರೆ ಆ ಸೇವಾ ಸಹಕಾರಿ ಬ್ಯಾಂಕಿನ ವಿಷಯ. ನಮ್ಮೂರಲ್ಲಿ ಚಾಲಿ ಅಡಿಕೆ ಕೊಟ್ಟ ದುಡ್ಡು ಸೀದಾ ಅಲ್ಲಿಗೇ ಹೋಗುವುದು. ಅಪ್ಪನ ಪಾಸ್‌ಬುಕ್ಕಿನಲ್ಲಿ ನೀಲಿ ಶಾಯಿಯಲ್ಲಿ ಕೈಬರಹ, ಪಕ್ಕದಲ್ಲಿ ನೇರಳೆ ಬಣ್ಣದ ಮಲಯಾಳ ಸೀಲು. ಅರ್ಜಿ ತುಂಬಿಕೊಡುತ್ತಿದ್ದ ಏಜೆಂಟ್ ಅದನ್ನು ತಿರುಗಿಸಿ ನೋಡಿ, "ಬ್ಯಾಂಕ್ ಅಂತ ಬೋರ್ಡ್ ಇದ್ಯಲ್ಲ, ಸಾಕು" ಅಂದ. ನಾನೂ ನಂಬಿದೆ. ಅರ್ಜಿ ಒತ್ತುವ ಮೊದಲು ನಮ್ಮ ಭಾವ ನಿಯಮ ಓದಿಸಿದರು: ಖಾತೆ ಇರುವ ಸಂಸ್ಥೆ ಆ ದೇಶದ ಬ್ಯಾಂಕ್ ನಿಯಂತ್ರಕರ ಕೈಕೆಳಗೆ ಇರಬೇಕು. ಇಲ್ಲಿ ಅಂದರೆ ರಿಸರ್ವ್ ಬ್ಯಾಂಕ್. ನಮ್ಮ ಪ್ರಾಥಮಿಕ ಸಹಕಾರಿ ಸಂಘಗಳು ಕೇರಳದ ಸಹಕಾರಿ ರಿಜಿಸ್ಟ್ರಾರ್ ಕೆಳಗೆ ಬರುತ್ತವೆ. ಇಂಥ ಸಂಘಗಳು ಹೆಸರಲ್ಲಿ 'ಬ್ಯಾಂಕ್' ಎಂದು ಹಾಕಿಕೊಳ್ಳಬಾರದು ಎಂದು ರಿಸರ್ವ್ ಬ್ಯಾಂಕ್ 2021ರ ನವೆಂಬರಿನಲ್ಲೇ ಪ್ರಕಟಣೆ ಕೊಟ್ಟಿತ್ತು. ಅಪ್ಪನಿಗೆ ಹೇಳಿದರೆ, "ಇಷ್ಟು ವರ್ಷ ನಾನು ದುಡ್ಡು ಹಾಕಿದ್ದು ಬ್ಯಾಂಕಿಗಲ್ಲದೆ ಮತ್ತೆ ಎಲ್ಲಿಗೆ?" ಎಂದು ಸಿಟ್ಟಾದರು. ಸಂಘದ ತಪ್ಪೇನಿಲ್ಲ, ದುಡ್ಡು ಭದ್ರವಾಗಿಯೇ ಇತ್ತು. ಲಂಡನ್ನಿನ ಕಾಗದಕ್ಕೆ ಅದು ಹೊಂದಲಿಲ್ಲ, ಅಷ್ಟೆ.

ಕೊನೆಗೆ ಡಿಪಾಸಿಟ್ ಮುರಿಸಿ, ಸ್ವಲ್ಪ ಬಡ್ಡಿ ಕಳೆದುಕೊಂಡು, ಒಂದು ರಾಷ್ಟ್ರೀಕೃತ ಬ್ಯಾಂಕಿನ ನನ್ನ ಹೆಸರಿನ ಖಾತೆಗೆ ಹಾಕಿದೆವು. ಆ ದಿನದಿಂದ ಪೂರ್ತಿ ಆರು ತಿಂಗಳು ಕಾದೆ. ಯಾಕೆಂದರೆ ಉಳಿತಾಯ ನಿಮ್ಮ ಅಥವಾ ಗಂಡನ ಹೆಸರಲ್ಲಿ, ಇಲ್ಲವೇ ಇಬ್ಬರ ಜಂಟಿ ಖಾತೆಯಲ್ಲಿ, ಆರು ತಿಂಗಳು ಇರಲೇಬೇಕು. ಒಂದೇ ಒಂದು ದಿನ ಬ್ಯಾಲೆನ್ಸ್ ಇಳಿದರೂ ಆ ದಿನದ ಕಡಿಮೆ ಬ್ಯಾಲೆನ್ಸೇ ಲೆಕ್ಕಕ್ಕೆ. ಆ ಖಾತೆಯ ಎಟಿಎಂ ಕಾರ್ಡನ್ನು ನಾನು ಅಮ್ಮನ ಕೈಗೆ ಕೊಟ್ಟುಬಿಟ್ಟಿದ್ದೆ! ಆರೋಗ್ಯ ಸರ್‌ಚಾರ್ಜ್ ಎಂದು 3,105 ಪೌಂಡ್ ಕಟ್ಟಲಿಕ್ಕಿರುತ್ತದೆ, ವೀಸಾ ಶುಲ್ಕ ಬೇರೆ. ಅದನ್ನು ಬೇರೆ ಖಾತೆಯಲ್ಲಿ ಇಟ್ಟುಕೊಳ್ಳಿ.

ದುಡ್ಡು ಎಲ್ಲಿಂದ ಬಂತು ಎಂದೂ ತೋರಿಸಬೇಕು. ಅಪ್ಪ ಕೊಟ್ಟದ್ದು ಸಾಲ ಅಲ್ಲ, ಉಡುಗೊರೆ, ವಾಪಸ್ ಕೇಳುವುದಿಲ್ಲ ಎಂದು ಒಂದು ಪತ್ರ ಬೇಕು. ನಮ್ಮಪ್ಪ ಚಂದ ಮಾಡಿ ಕನ್ನಡದಲ್ಲಿ ಬರೆದುಕೊಟ್ಟರು, ತೋಟದ ತೆರಿಗೆ ರಸೀದಿ ಮಲಯಾಳದಲ್ಲಿ. ಎರಡಕ್ಕೂ ಇಂಗ್ಲಿಷ್ ಅನುವಾದ ಆಗಬೇಕಾಯಿತು. ಅನುವಾದ ಸರಿಯಾಗಿದೆ ಎಂಬ ಮಾತು, ಅನುವಾದಕರ ಪೂರ್ತಿ ಹೆಸರು, ಸಹಿ, ತಾರೀಕು, ಸಂಪರ್ಕ ವಿವರ ಎಲ್ಲ ಇರಬೇಕು. ಅಪ್ಪ ಮೊದಲೇ ಇಂಗ್ಲಿಷ್ ಪತ್ರಕ್ಕೆ ಸಹಿ ಹಾಕಿದ್ದರೆ ಒಂದು ಖರ್ಚು ಉಳಿಯುತ್ತಿತ್ತು.

ಮದುವೆ ಚಿನ್ನ ತೋರಿಸಬಹುದಾ ಎಂದೂ ಕೇಳಿದ್ದೀರಿ. ಇಲ್ಲ. ತೋಟದ ಬೆಲೆಯೂ ಆಗದು. ಖಾತೆಯಲ್ಲಿರುವ ನಗದು ಮಾತ್ರ.

ಗಂಡನ ಕಡೆಯಿಂದ: ಒಂದೇ ಕಡೆ ಕೆಲಸದಲ್ಲಿದ್ದರೆ ಆರು ತಿಂಗಳ ಪೇಸ್ಲಿಪ್, ಆ ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿಯ ಪತ್ರ. ಕೊನೆಯ ಸ್ಟೇಟ್‌ಮೆಂಟ್ ಅರ್ಜಿ ಹಾಕುವ ದಿನಕ್ಕೆ 28 ದಿನಕ್ಕಿಂತ ಹಳೆಯದಾಗಿರಬಾರದು. ನಡುವೆ ಸಂಬಳ ಏರಿದ್ದರೆ ಆರು ತಿಂಗಳಲ್ಲಿ ಕಡಿಮೆ ಇದ್ದದ್ದನ್ನೇ ಹಿಡಿಯುತ್ತಾರೆ.

ನಿಮ್ಮ ಆರು ತಿಂಗಳು ಇನ್ನೂ ಶುರುವೇ ಆಗಿಲ್ಲ. ಅಪ್ಪನನ್ನು ಕರೆದುಕೊಂಡು ನಾಳೆ ಬೆಳಿಗ್ಗೆಯೇ ಸೊಸೈಟಿಗೆ ಹೋಗಿ. ನಾಳೆ ಎರಡನೇ ಶನಿವಾರ ಅಲ್ಲ ತಾನೆ, ಒಮ್ಮೆ ನೋಡಿಕೊಳ್ಳಿ.